ಚಿತ್ರಶಾಲೆಯ ಮೇ ತಿಂಗಳು

ಸೋಮವಾರ ಹೋದರೆ ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನ ಗೇಟು ತೆರೆಯುವುದಿಲ್ಲ. ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯಲ್ಲೂ ಅಂದು ರಜೆ. ಜಗತ್ತಿನ ಎಷ್ಟೋ ಕಲಾ ಸಂಗ್ರಹಾಲಯಗಳಿಗೆ ಸೋಮವಾರವೇ ವಾರದ ರಜೆ. ಆದರೆ ರಜೆ ನೋಡುಗರಿಗೆ ಮಾತ್ರ. ಒಳಗೆ ಕೆಲಸ ಮಾಡುವವರಿಗೆ ಕೈ ಬಿಡುವಾಗದ ದಿನ ಅದು. ಮುಗಿದ ಪ್ರದರ್ಶನದ ಚಿತ್ರಗಳನ್ನು ಗೋಡೆಯಿಂದ ಇಳಿಸಬೇಕು, ಮೊಳೆ ಕಿತ್ತ ತೂತು ಮುಚ್ಚಿ ಬಣ್ಣ ಬಳಿಯಬೇಕು, ಹೊಸ ಚಿತ್ರಗಳನ್ನು ಏರಿಸಬೇಕು, ಏಣಿ ಹತ್ತಿ ಒಂದೊಂದೇ ದೀಪದ ಮುಖ ತಿರುಗಿಸಬೇಕು. ಮಂಗಳವಾರ ಬೆಳಿಗ್ಗೆ ಒಳಗೆ ಕಾಲಿಡುವ ನಮಗೆ ಇದರ ಸುಳಿವೂ ಸಿಗುವುದಿಲ್ಲ. ಸಿಗದಿದ್ದರೇ ಕೆಲಸ ಚೆನ್ನಾಗಿ ಆಗಿದೆ ಎಂದರ್ಥ.

ಚಿತ್ರಶಾಲೆಯೊಂದನ್ನು ಅರ್ಥ ಮಾಡಿಕೊಳ್ಳಲು ಒಂದು ದಿನದ ಭೇಟಿ ಸಾಲದು, ಒಂದು ತಿಂಗಳ ಬಾಳು ನೋಡಬೇಕು. ಹಾಗೆ ನೋಡುವುದಾದರೆ ನಾನು ಆರಿಸಿಕೊಳ್ಳುವುದು ಮೇ ತಿಂಗಳನ್ನು. ಶಾಲೆಗಳಿಗೆ ಬೇಸಿಗೆ ರಜೆ. ಊರಿಂದ ಬಂದ ನೆಂಟರು ಮನೆಯಲ್ಲಿ. ಮಧ್ಯಾಹ್ನ ಉರಿಬಿಸಿಲು, ಸಂಜೆ ಗುಡುಗು ಮಳೆ. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿ 1977ರಲ್ಲಿ ಗೊತ್ತು ಮಾಡಿದ ದಿನ ಅದು. ಅಂದು ಹಲವು ಕಡೆ ಪ್ರವೇಶ ಉಚಿತ, ಉಪನ್ಯಾಸ, ವಿಶೇಷ ಪ್ರದರ್ಶನ. ಬೆಂಗಳೂರಿನವರಿಗಂತೂ ಕೆಲವೇ ಕಿಲೋಮೀಟರ್ ಅಂತರದಲ್ಲಿ ಇಂಥ ತಾಣಗಳು ಹಲವಿವೆ. ದೆಹಲಿಯ ಜೈಪುರ ಹೌಸ್‌ನಲ್ಲಿ 1954ರಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ 1996ರಲ್ಲಿ ಮುಂಬಯಿಯಲ್ಲಿ, 2009ರಲ್ಲಿ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ ಶಾಖೆ ತೆರೆಯಿತು. ಕುಮಾರಕೃಪಾ ರಸ್ತೆಯಲ್ಲಿ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಇದೆ. ಕಸ್ತೂರಬಾ ರಸ್ತೆಯಲ್ಲಿ 1865ರಷ್ಟು ಹಳೆಯ ಸರ್ಕಾರಿ ವಸ್ತುಸಂಗ್ರಹಾಲಯ, ಅದರ ಮಗ್ಗುಲಲ್ಲೇ ವೆಂಕಟಪ್ಪ ಕಲಾ ಗ್ಯಾಲರಿ, ಅದೇ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ. ಜನರ ಬಾಯಲ್ಲಿ ಅದು ‘ಮ್ಯಾಪ್’.

ನಾನು ಹೇಳಬೇಕೆಂದಿರುವುದು ಇಷ್ಟು: ಗೋಡೆಯ ಮೇಲೆ ತೂಗುಹಾಕಿದ್ದು ಚಿತ್ರಶಾಲೆಯ ಅರ್ಧ ಕೆಲಸ. ಆ ಚಿತ್ರದ ಮುಂದೆ ತಿಂಗಳಿಡೀ ಏನು ನಡೆಯುತ್ತದೆ, ಯಾರನ್ನು ಕರೆಯುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂಬುದು ಉಳಿದ ಅರ್ಧ. ನಾವು ಮೊದಲ ಅರ್ಧಕ್ಕೆ ಕೊಟ್ಟ ಗಮನವನ್ನು ಎರಡನೆಯದಕ್ಕೆ ಕೊಟ್ಟಿಲ್ಲ.

ಮೊದಲ ಅರ್ಧದಿಂದಲೇ ಶುರು ಮಾಡೋಣ, ಏಕೆಂದರೆ ಅದರೊಳಗೂ ನಮಗೆ ತಿಳಿಯದ್ದು ಬಹಳ ಇದೆ. ಒಂದು ಪ್ರದರ್ಶನ ತೆರೆಯುವ ತಿಂಗಳಿಗೆ ಎಷ್ಟೋ ಮೊದಲೇ ಅದನ್ನು ರೂಪಿಸುವ ಕ್ಯುರೇಟರ್ ಪಟ್ಟಿ ಹಿಡಿದು ಕೂತಿರುತ್ತಾರೆ. ಯಾವ ಕೃತಿ ಉಗ್ರಾಣದಲ್ಲಿದೆ, ಯಾವುದನ್ನು ಬೇರೆ ಸಂಸ್ಥೆಯಿಂದ ಎರವಲು ತರಬೇಕು, ಯಾವುದು ಪ್ರಯಾಣ ತಾಳದಷ್ಟು ದುರ್ಬಲ. ಎರವಲು ಬಂದ ಕೃತಿಯ ಪೆಟ್ಟಿಗೆಯನ್ನು ಬಂದ ಕೂಡಲೇ ಬಿಚ್ಚುವುದಿಲ್ಲ. ಕೋಣೆಯ ಉಷ್ಣತೆ, ತೇವಾಂಶಕ್ಕೆ ಹೊಂದಿಕೊಳ್ಳಲೆಂದು ಸಾಮಾನ್ಯವಾಗಿ ಒಂದಿಡೀ ದಿನ ಹಾಗೇ ಬಿಡುತ್ತಾರೆ. ಬಿಚ್ಚಿದ ಮೇಲೆ ಮೊದಲ ಕೆಲಸ ‘ಕಂಡಿಷನ್ ರಿಪೋರ್ಟ್’: ಎಲ್ಲಿ ಗೀರು, ಎಲ್ಲಿ ಬಣ್ಣ ಎದ್ದಿದೆ, ಫ್ರೇಮಿನ ಯಾವ ಮೂಲೆ ಸಡಿಲ, ಎಲ್ಲವೂ ಫೋಟೊ ಸಮೇತ ದಾಖಲಾಗಬೇಕು. ಹಿಂತಿರುಗಿಸುವಾಗ ಅದೇ ದಾಖಲೆ ಇಟ್ಟುಕೊಂಡು ಮತ್ತೆ ನೋಡುತ್ತಾರೆ. ವಿಮೆ ಇರುವುದು ಆ ಮನೆಯ ಮೊಳೆಯಿಂದ ಇಳಿದು ಈ ಮನೆಯ ಮೊಳೆಗೆ ಏರಿ ಮತ್ತೆ ಆ ಮೊಳೆಗೆ ಸೇರುವ ತನಕ.

ಕೆಲವು ಕೃತಿಗಳಿಗೆ ಕಾನೂನಿನ ಕಾವಲೂ ಇದೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆಯ ಅಡಿ ಒಂಬತ್ತು ಕಲಾವಿದರ ಕೃತಿಗಳನ್ನು ಕಲಾ ನಿಧಿ ಎಂದು ಘೋಷಿಸಲಾಗಿದೆ. ರಾಜಾ ರವಿವರ್ಮ, ರವೀಂದ್ರನಾಥ ಠಾಕೂರ್, ಅವನೀಂದ್ರನಾಥ, ಗಗನೇಂದ್ರನಾಥ, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ ಮತ್ತು ನಿಕೊಲಸ್ ರೋರಿಕ್. ಇವರ ಕೃತಿಗಳನ್ನು ಮಾರಿ ದೇಶದ ಹೊರಗೆ ಸಾಗಿಸುವಂತಿಲ್ಲ. ಈ ಪಟ್ಟಿಯಲ್ಲಿ ಅವನೀಂದ್ರನಾಥರಿದ್ದಾರೆ, ಅವರ ಶಿಷ್ಯ ನಂದಲಾಲ್ ಇದ್ದಾರೆ. ಅದೇ ಗುರುವಿನ ಬಳಿ ಅದೇ ಕಾಲದಲ್ಲಿ ಕಲಿತ ನಮ್ಮ ಕೆ. ವೆಂಕಟಪ್ಪ ಇಲ್ಲ. ಅವರ ಕೃತಿಗಳ ಬಹುದೊಡ್ಡ ಪಾಲು ಕರ್ನಾಟಕ ಸರ್ಕಾರದ ವಶದಲ್ಲೇ ಇರುವುದು ನೆಮ್ಮದಿಯ ಸಂಗತಿ. ಆದರೂ ಆ ಹೆಸರು ಅಲ್ಲಿ ಇರಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ವೆಂಕಟಪ್ಪನವರ ಜಲವರ್ಣಗಳ ಮುಂದೆ ನಿಂತವರಿಗೆ ಮೊದಲು ಅನಿಸುವುದು, ಕೋಣೆ ಯಾಕೆ ಇಷ್ಟು ಮಬ್ಬು ಎಂದು. ಹೊರಗಿನ ಮೇ ತಿಂಗಳ ಬಿಸಿಲಿಂದ ಬಂದವರಿಗೆ ಇನ್ನಷ್ಟು ಕತ್ತಲೆ. ವಿದ್ಯುತ್ ಉಳಿಸಲು ಹೀಗೆ ಮಾಡಿದ್ದಾರೆಂದು ಗೊಣಗುವವರನ್ನೂ ಕಂಡಿದ್ದೇನೆ. ಕಾರಣ ಬೇರೆ. ಕಾಗದದ ಮೇಲಿನ ಬಣ್ಣಕ್ಕೆ ಬೆಳಕೇ ವೈರಿ. ಬೆಳಕನ್ನು ಅಳೆಯುವ ಮಾನ ಲಕ್ಸ್. ಜಲವರ್ಣ, ರೇಖಾಚಿತ್ರ, ಹಳೆಯ ಫೋಟೊ, ಬಟ್ಟೆ ಇವುಗಳ ಮೇಲೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೀಳಬಾರದು ಎಂಬುದು ಸಂಗ್ರಹಾಲಯಗಳು ಪಾಲಿಸುತ್ತ ಬಂದಿರುವ ನಿಯಮ. ತೈಲವರ್ಣಕ್ಕೆ 200ರ ತನಕ ಸಲ್ಲುತ್ತದೆ. ಹೊರಗೆ ನಡು ಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್ ಮುಟ್ಟಬಲ್ಲದು. ಲಕ್ಷದಿಂದ ಐವತ್ತಕ್ಕೆ ಇಳಿದ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕೇ ಬೇಕು. ಒಳಗೆ ಹೋದ ತಕ್ಷಣ ಚಿತ್ರದ ಮುಂದೆ ನಿಲ್ಲಬೇಡಿ. ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಏಳಿ. ವೆಂಕಟಪ್ಪನವರ ಬೆಟ್ಟದ ಚಿತ್ರಗಳಲ್ಲಿ ಮಂಜಿನ ಹಿಂದೆ ಇನ್ನೊಂದು ಬೆಟ್ಟ ಇರುವುದು ಆಗ ಕಾಣುತ್ತದೆ.

ಬೆಳಕಿನ ಹಾನಿಯ ಇನ್ನೊಂದು ಗುಣವೆಂದರೆ ಅದು ಕೂಡುತ್ತಾ ಹೋಗುತ್ತದೆ, ಕಳೆಯುವುದಿಲ್ಲ. ದಿನಕ್ಕೆ ಎಂಟು ಗಂಟೆಯಂತೆ 26 ದಿನ 50 ಲಕ್ಸ್ ಬಿದ್ದರೆ ತಿಂಗಳಿಗೆ ಒಟ್ಟು 10,400 ಲಕ್ಸ್-ಗಂಟೆ. ಅದೇ ಚಿತ್ರವನ್ನು 500 ಲಕ್ಸಿನ ಝಗಮಗ ಬೆಳಕಿನಲ್ಲಿ ಇಟ್ಟರೆ ಅಷ್ಟೇ ಬೆಳಕು ಮೂರು ದಿನ ತುಂಬುವ ಮೊದಲೇ ಬಿದ್ದುಬಿಡುತ್ತದೆ. ಮಣ್ಣಿನಿಂದ ಬಂದ ಕಾವಿ, ಮಸಿಯ ಕಪ್ಪು ಗಟ್ಟಿ ಬಣ್ಣಗಳು. ಅರಗಿನಿಂದಲೋ ಗಿಡದಿಂದಲೋ ತೆಗೆದ ಕೆಂಪು ಹಳದಿಗಳು ಬೇಗ ಮಾಸುತ್ತವೆ. ಒಮ್ಮೆ ಮಾಸಿದ ಬಣ್ಣವನ್ನು ಯಾವ ಸಂರಕ್ಷಕರೂ ಹಿಂದಕ್ಕೆ ತರಲಾರರು. ಹಾಗಾಗಿಯೇ ಕಾಗದದ ಕೃತಿಗಳನ್ನು ಮೂರು ನಾಲ್ಕು ತಿಂಗಳು ತೋರಿಸಿ ಆಮೇಲೆ ವರ್ಷಗಟ್ಟಲೆ ಕತ್ತಲೆಯ ಉಗ್ರಾಣದಲ್ಲಿ ವಿಶ್ರಾಂತಿಗೆ ಕಳಿಸುತ್ತಾರೆ. ಕಳೆದ ಸಲ ನೋಡಿದ ಚಿತ್ರ ಈ ಸಲ ಯಾಕಿಲ್ಲ ಎಂದು ಕೇಳುವ ನೆಂಟರಿಗೆ ಇದನ್ನು ಹೇಳಿ. ಮೊಮ್ಮಕ್ಕಳು ನೋಡಲಿ ಎಂದೇ ಅದನ್ನು ಒಳಗಿಟ್ಟಿರುತ್ತಾರೆ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕತ್ತಲೆ ಕೋಣೆಯೊಂದರಲ್ಲಿ ತೋರಿಸುತ್ತಿದ್ದ ‘ದೀಪ ಹಿಡಿದ ಮಹಿಳೆ’ ಬಹುಶಃ ಕನ್ನಡಿಗರು ಅತಿ ಹೆಚ್ಚು ನೋಡಿರುವ ಚಿತ್ರ. ಎಸ್.ಎಲ್. ಹಲ್ದಣಕರ್ 1940ರ ದಶಕದ ನಡುವಿನಲ್ಲಿ ಬರೆದ ಜಲವರ್ಣ ಅದು. ಮಂದ ಬೆಳಕಲ್ಲಿ ಅವಳ ಅಂಗೈಯ ಬೆರಳುಗಳ ಸಂದಿನಿಂದ ದೀಪದ ಕೆಂಪು ಹೊಳೆಯುವುದನ್ನು ನೋಡಿ ಬೆರಗಾಗದೆ ಬಂದವರಿಲ್ಲ. ಕತ್ತಲೆ ಅಲ್ಲಿ ಎರಡು ಕೆಲಸ ಮಾಡುತ್ತಿತ್ತು: ನೋಡುವವರಿಗೆ ದೀಪ ಹೊತ್ತಿಸುತ್ತಿತ್ತು, ಚಿತ್ರವನ್ನೂ ಉಳಿಸುತ್ತಿತ್ತು. ಆದರೆ ಅದನ್ನು ನೋಡಿ ಬಂದ ಎಷ್ಟೋ ಜನ ಇವತ್ತಿಗೂ ಅದು ರವಿವರ್ಮನದು ಎಂದೇ ನಂಬಿದ್ದಾರೆ. ಚಿತ್ರ ಮನಸ್ಸಿನಲ್ಲಿ ಕೂತಿದೆ, ಬರೆದವನ ಹೆಸರು ಕೂತಿಲ್ಲ. ಇದಕ್ಕೆ ನೋಡುವವರನ್ನು ದೂರುವುದು ತಪ್ಪು. ಅವರಿಗೆ ಯಾರೂ ಹತ್ತಿರ ನಿಂತು ಹೇಳಿರಲಿಲ್ಲ.

ಹೇಳುವವರು ಯಾಕೆ ಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಪ್ರಸಿದ್ಧ ಚಿತ್ರಗಳ ಮುಂದೆ ಜನ ಎಷ್ಟು ಹೊತ್ತು ನಿಲ್ಲುತ್ತಾರೆಂದು ಅಳೆದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಸರಾಸರಿ 27 ಸೆಕೆಂಡು. ನೋಡುಗರಲ್ಲಿ ಅರ್ಧದಷ್ಟು ಜನ ನಿಂತದ್ದು 17 ಸೆಕೆಂಡಿಗಿಂತ ಕಡಿಮೆ. ಲೇಬಲ್ ಓದಿದ ಹೊತ್ತೂ ಅದರಲ್ಲೇ ಸೇರಿದೆ. ವರ್ಷಗಟ್ಟಲೆ ಬರೆದದ್ದು, ತಿಂಗಳುಗಟ್ಟಲೆ ಎಣಿಸಿ ಗೋಡೆಗೇರಿಸಿದ್ದು, ನೋಡಿದ್ದು ಅರ್ಧ ನಿಮಿಷಕ್ಕೂ ಕಡಿಮೆ. ಅಮೆರಿಕದ ಜನ ಹೀಗೆ, ನಾವು ಹಾಗಲ್ಲ ಎಂದುಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಸೆಲ್ಫಿಯ ಕಾಲದಲ್ಲಿ ಚಿತ್ರಕ್ಕೆ ಬೆನ್ನು ಹಾಕಿ ನಿಲ್ಲುವುದೂ ಸೇರಿಕೊಂಡಿದೆ.

ಆ ಹದಿನೇಳು ಸೆಕೆಂಡನ್ನು ಹದಿನೇಳು ನಿಮಿಷ ಮಾಡುವುದೇ ಸಾರ್ವಜನಿಕ ಕಾರ್ಯಕ್ರಮಗಳ ಕೆಲಸ. ತಿಂಗಳ ಪಟ್ಟಿ ತೆರೆದರೆ ಕಾಣುವ ಸಾಲುಗಳು ಸಾಮಾನ್ಯವಾಗಿ ಇವೇ: ಕ್ಯುರೇಟರ್ ಜೊತೆ ಪ್ರದರ್ಶನದ ಸುತ್ತು, ಕಲಾವಿದರೊಡನೆ ಮಾತುಕತೆ, ಸಾಕ್ಷ್ಯಚಿತ್ರ, ಚಿತ್ರ ಬಿಡಿಸುವ ಕಾರ್ಯಾಗಾರ, ಮಕ್ಕಳ ಶಿಬಿರ, ಸಂಜೆಯೊಂದು ಸಂಗೀತ. ಓದಲು ಎಲ್ಲವೂ ಒಂದೇ ತೂಕದವು ಅನ್ನಿಸಿದರೂ ಹಾಗಿಲ್ಲ. ಉದ್ಘಾಟನೆಯ ಸಂಜೆ ಚಿತ್ರ ನೋಡಲು ಅತಿ ಕೆಟ್ಟ ಹೊತ್ತು. ಹಣತೆ ಹಚ್ಚುವುದು, ಹಾರ, ಶಾಲು, ಭಾಷಣ, ಬೆನ್ನುಗಳ ಗೋಡೆ. ಅಂದು ಹೋಗಿ ಕಲಾವಿದರಿಗೆ ಶುಭ ಕೋರಿ ಬನ್ನಿ, ನೋಡಲು ಇನ್ನೊಂದು ದಿನ ಹೋಗಿ. ಕ್ಯುರೇಟರ್ ಸುತ್ತು ಇದ್ದರೆ ಬಿಡಬೇಡಿ. ಯಾವ ಚಿತ್ರದ ಪಕ್ಕ ಯಾವುದನ್ನು ಇಟ್ಟರು, ಯಾವುದನ್ನು ಮನಸ್ಸಿಲ್ಲದೆ ಕೈಬಿಟ್ಟರು ಎಂಬುದು ಅವರ ಬಾಯಿಂದಲೇ ಬರಬೇಕು. ಪ್ರದರ್ಶನ ಮುಗಿಯುವ ಕೊನೆಯ ವಾರದ ಸುತ್ತು ಇನ್ನೂ ಒಳ್ಳೆಯದು. ಅಷ್ಟರಲ್ಲಿ ನೂರಾರು ಜನರ ಪ್ರಶ್ನೆ ಕೇಳಿ ಅವರ ಮಾತೂ ಹದಗೊಂಡಿರುತ್ತದೆ.

ಕಾರ್ಯಕ್ರಮವೆಂದರೆ ಪ್ರದರ್ಶನಕ್ಕೆ ಹಚ್ಚಿದ ಬಾಲ ಎಂಬ ಭಾವನೆ ಇನ್ನೂ ನಮ್ಮಲ್ಲಿದೆ. ಅದು ಎಷ್ಟು ತಪ್ಪು ಎಂದು ತೋರಿಸಲು ತೊಗಲು ಗೊಂಬೆಗಿಂತ ಒಳ್ಳೆಯ ಉದಾಹರಣೆ ಬೇರೆ ಬೇಕಿಲ್ಲ. ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ನಾಡಿನ ಹಳ್ಳಿಗಳಿಂದ ಕೂಡಿಹಾಕಿದ ತೊಗಲು ಗೊಂಬೆಗಳ ಸಂಗ್ರಹ ಅಲ್ಲಿದೆ. ಹದಮಾಡಿ ಬೆಳಕು ಹಾಯುವಷ್ಟು ತೆಳುವಾಗಿಸಿದ ಚರ್ಮ, ಕೊರೆದ ಸಣ್ಣ ಸಣ್ಣ ತೂತುಗಳಲ್ಲಿ ಮೂಡಿದ ಒಡವೆ, ಕೆಂಪು ಹಸಿರು ಕಪ್ಪಿನ ಬಣ್ಣ. ರಾವಣನ ಹತ್ತು ತಲೆ, ಹನುಮಂತನ ಬಾಲ, ಜನರನ್ನು ನಗಿಸುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಇವನ್ನು ಗಾಜಿನ ಹಿಂದೆ ಇಟ್ಟು ಮುಂದಿನಿಂದ ಬೆಳಕು ಚೆಲ್ಲಿದರೆ ಕಾಣುವುದು ಬಣ್ಣ ಹಚ್ಚಿದ ತೊಗಲು ಮಾತ್ರ. ಅವು ಹುಟ್ಟಿದ್ದೇ ಬಿಳಿ ಪರದೆಯ ಹಿಂದೆ ದೀಪಕ್ಕೂ ಪರದೆಗೂ ನಡುವೆ ಕುಣಿಯಲು. ಬೆಳಕು ಬೆನ್ನ ಹಿಂದಿನಿಂದ ಬಂದಾಗಲೇ ಆ ತೂತುಗಳು ಮುತ್ತಿನ ಸರವಾಗುತ್ತವೆ. ಪದ, ಮದ್ದಲೆ, ತಾಳ ಸೇರಬೇಕು. ಒಬ್ಬರ ಕೈ ಗೊಂಬೆಯನ್ನು ಪರದೆಗೆ ಒತ್ತಿ ಹಿಂದೆಳೆದಾಗ ಅದು ದೊಡ್ಡದಾಗಿ ಮಸುಕಾಗಬೇಕು.

ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲು ಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಮೇಲೆ. ಇಡೀ ಬದುಕನ್ನು ಪರದೆಯ ಹಿಂದೆ ಕಳೆದವರನ್ನು ಪರದೆಯ ಮುಂದೆ ಕೂರಿಸಿ ನೋಡಿದ್ದು ಅಷ್ಟು ತಡವಾಗಿ. ತೊಗಲು ಗೊಂಬೆಯ ಪ್ರದರ್ಶನ ಇಟ್ಟ ಸಂಗ್ರಹಾಲಯ ಆ ತಿಂಗಳಲ್ಲಿ ಒಂದು ರಾತ್ರಿಯಾದರೂ ಆಟ ಆಡಿಸದಿದ್ದರೆ ಅದು ಪ್ರದರ್ಶನವನ್ನೇ ಪೂರ್ತಿ ಮಾಡಿಲ್ಲ. ಆಟವೇ ಕೃತಿ, ಗಾಜಿನ ಹಿಂದಿರುವುದು ಅದರ ಒಂದು ತುಣುಕು. ಮೇಳದವರಿಗೆ ಕೊಡುವ ಸಂಭಾವನೆಯೂ ಪ್ರದರ್ಶನದ ಖರ್ಚಿನ ಮುಖ್ಯ ಬಾಬ್ತಾಗಿರಬೇಕು, ಉಳಿದರೆ ಕೊಡುವಂಥದ್ದಾಗಬಾರದು.

ಮೈಸೂರು ಸಾಂಪ್ರದಾಯಿಕ ಚಿತ್ರಗಳ ವಿಷಯವೂ ಹಾಗೇ. ಚಿನ್ನ ಹೊಳೆಯುತ್ತದೆ, ತಂಜಾವೂರಿನದೂ ಹೊಳೆಯುತ್ತದೆ, ಎರಡಕ್ಕೂ ಏನು ವ್ಯತ್ಯಾಸ ಎಂದು ನೋಡುಗರು ಕೇಳುತ್ತಾರೆ. ಲೇಬಲ್ಲಿನಲ್ಲಿ ಎಷ್ಟು ಬರೆದರೂ ತಿಳಿಯದ್ದು ಒಂದು ಗಂಟೆಯ ಪ್ರಾತ್ಯಕ್ಷಿಕೆಯಲ್ಲಿ ತಿಳಿಯುತ್ತದೆ. ಮೈಸೂರಿನ ಚಿತ್ರಗಾರರು ಮಕ್ಕಿ ಸಫೇದ ಎಂಬ ಲೇಪವನ್ನು ಕುಂಚದ ತುದಿಯಲ್ಲಿ ತೆಗೆದು, ಸೀರೆಯ ಅಂಚಿಗೂ ಕಿರೀಟದ ಕುಸುರಿಗೂ ಗೆರೆಯ ಮೇಲೆ ಗೆರೆ ಎಳೆದು ತೆಳುವಾದ ಉಬ್ಬು ತರುತ್ತಾರೆ. ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ತಂಜಾವೂರಿನಲ್ಲಿ ಉಬ್ಬು ದಪ್ಪ, ಕಲ್ಲು ಗಾಜುಗಳ ಕೂರಣೆ ಹೆಚ್ಚು. ಮೈಸೂರಿನವರ ಗೆರೆಯ ತೆಳುವನ್ನು ಕಣ್ಣಾರೆ ಕಂಡ ಮಗು ಆಮೇಲೆ ಎಂದೂ ಎರಡನ್ನೂ ಬೆರೆಸುವುದಿಲ್ಲ.

ಮಕ್ಕಳ ಮಾತು ಬಂದಿದ್ದರಿಂದ ಬೇಸಿಗೆ ಶಿಬಿರಗಳ ಬಗ್ಗೆ ನನ್ನ ತಕರಾರು ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಊರಿಗೆಲ್ಲ ಶಿಬಿರ. ಬಹಳ ಕಡೆ ಮಕ್ಕಳಿಗೆ ಕೊಡುವುದು ಮೊದಲೇ ಗೆರೆ ಎಳೆದ ಹಾಳೆ, ಬಣ್ಣ ತುಂಬುವ ಸ್ಪರ್ಧೆ, ಕೊನೆಗೆ ಪ್ರಮಾಣಪತ್ರ. ಅದನ್ನು ಎಲ್ಲಿ ಬೇಕಾದರೂ ಮಾಡಬಹುದು, ಸಂಗ್ರಹಾಲಯಕ್ಕೆ ಕರೆದುಕೊಂಡು ಬರಬೇಕಿಲ್ಲ. ಸಂಗ್ರಹಾಲಯದಲ್ಲಿ ಮಾತ್ರ ಸಾಧ್ಯವಾದದ್ದು ಇನ್ನೊಂದಿದೆ: ಮೂಲ ಕೃತಿಯ ಮುಂದೆ ನೆಲದ ಮೇಲೆ ಕೂತು, ಪೆನ್ಸಿಲ್ ಹಿಡಿದು, ಅದನ್ನೇ ನೋಡಿ ಬರೆಯುವುದು. ನೋಡಿ ಬರೆಯುವಾಗ ಕಣ್ಣು ಹಾಳೆಗೂ ಚಿತ್ರಕ್ಕೂ ನೂರು ಸಲ ಓಡಾಡುತ್ತದೆ. ಆನೆಯ ಕಾಲು ಎಲ್ಲಿ ಮಡಚಿದೆ, ಕುತ್ತಿಗೆ ಯಾವ ಕಡೆ ವಾಲಿದೆ ಎಂದು ಆಗ ಗೊತ್ತಾಗುತ್ತದೆ. ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯದಲ್ಲಿ ಆತಕೂರಿನ ಶಾಸನ ಇದೆ. ಕ್ರಿ.ಶ. 949ರ ಕಲ್ಲು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ನಿಲ್ಲಿಸಿದ್ದು. ನಾಯಿ ಹಂದಿ ಎರಡೂ ಕೆತ್ತನೆಯಲ್ಲಿವೆ. ಒಂದು ಸಾವಿರ ವರ್ಷದ ಹಿಂದೆ ನಾಯಿಯೊಂದಕ್ಕೆ ಕಲ್ಲು ನಿಲ್ಲಿಸಿದ ಜನ ನಾವು. ಆ ಕಲ್ಲಿನ ಮುಂದೆ ಹತ್ತು ಮಕ್ಕಳನ್ನು ಕೂರಿಸಿ ನಾಯಿಯನ್ನು ಬರೆಸಿ ನೋಡಿ. ಪ್ರಮಾಣಪತ್ರ ಯಾರೂ ಕೇಳುವುದಿಲ್ಲ.

ಮ್ಯಾಪ್ ತೆರೆದಾಗ ಅಲ್ಲಿ ಒಮ್ಮೆಗೇ ಹಲವು ಪ್ರದರ್ಶನಗಳಿದ್ದವು. ಭಾರತೀಯ ಕಲೆಯಲ್ಲಿ ಹೆಣ್ಣನ್ನು ಹೇಗೆ ತೋರಿಸಿದ್ದಾರೆಂದು ಕೇಳುವ ‘ವಿಸಿಬಲ್/ಇನ್‌ವಿಸಿಬಲ್’, ಕೋಟೇಶ್ವರದ ಎಲ್.ಎನ್. ತಲ್ಲೂರ್ ಅವರ ಶಿಲ್ಪಗಳ ‘ಚಿರಾಗ್-ಎ-ಎಐ’, ಬರೋಡದ ಜ್ಯೋತಿ ಭಟ್ಟರ ಛಾಯಾಚಿತ್ರಗಳು. 1934ರಲ್ಲಿ ಹುಟ್ಟಿದ ಭಟ್ಟರು ಚಿತ್ರಕಾರರು, ಮುದ್ರಣ ಕಲಾವಿದರು. 1960ರ ದಶಕದಿಂದ ಹಳ್ಳಿ ಹಳ್ಳಿ ಅಲೆದು ಹೆಂಗಸರು ಗೋಡೆಗೆ, ಅಂಗಳಕ್ಕೆ ಬರೆಯುತ್ತಿದ್ದ ಚಿತ್ತಾರಗಳನ್ನು ಕ್ಯಾಮೆರಾದಲ್ಲಿ ಹಿಡಿದರು. ಆ ಗೋಡೆಗಳಲ್ಲಿ ಎಷ್ಟೋ ಇಂದು ಇಲ್ಲ, ಫೋಟೊ ಉಳಿದಿದೆ. ರಂಗೋಲಿ ಹಾಕುವ ಅಜ್ಜಿ ಆ ಪ್ರದರ್ಶನ ನೋಡಲು ಬಂದರೆ ಅವಳೇ ಅಲ್ಲಿ ಎಲ್ಲರಿಗಿಂತ ಬಲ್ಲವಳು. ಅವಳಿಗೆ ಮಾತಾಡಲು ಬಿಡುವ ಕಾರ್ಯಕ್ರಮ ನಮ್ಮ ಸಂಗ್ರಹಾಲಯಗಳಲ್ಲಿ ಹೆಚ್ಚಬೇಕು. ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಳಿಯೇ 2022ರಲ್ಲಿ ಪ್ರಾಗ್‌ನಲ್ಲಿ ಒಪ್ಪಿದ ಹೊಸ ನಿರೂಪಣೆಯಲ್ಲಿ ಎಲ್ಲರಿಗೂ ಎಟುಕುವುದು, ಸಮುದಾಯಗಳನ್ನು ಒಳಗೊಳ್ಳುವುದು ಸಂಗ್ರಹಾಲಯದ ಲಕ್ಷಣ ಎಂದು ಸೇರಿಸಿದೆ. ಕಣ್ಣು ಕಾಣದವರು ಮುಟ್ಟಿ ತಿಳಿಯುವಂತೆ ಕೃತಿಗಳ ಉಬ್ಬು ಪ್ರತಿಗಳನ್ನು ಇಡುವ ಪದ್ಧತಿ ಮ್ಯಾಪ್‌ನಲ್ಲಿ ಇದೆ. ಇದು ಎಲ್ಲ ಕಡೆ ಬರಬೇಕಾದ್ದು.

ಎಟುಕುವುದು ಎಂದಾಗ ಭಾಷೆಯ ಮಾತು ಆಡದೆ ಇರಲಾರೆ. ಬೆಂಗಳೂರಿನಲ್ಲಿ ಕಲೆಯ ಬಗೆಗಿನ ಸಾರ್ವಜನಿಕ ಮಾತು ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಹೊರನಾಡಿನ ಉಪನ್ಯಾಸಕರು ಬಂದಾಗ ಅದು ಸಹಜ. ಆದರೆ ಉಪನ್ಯಾಸಕರೂ ಕನ್ನಡದವರು, ಸಭಿಕರಲ್ಲಿ ಅರ್ಧ ಜನ ಕಲಾ ಶಾಲೆಗಳಲ್ಲಿ ಕಲಿಯಲು ಬಾಗಲಕೋಟೆ, ರಾಯಚೂರು, ಚಾಮರಾಜನಗರಗಳಿಂದ ಬಂದ ಹುಡುಗ ಹುಡುಗಿಯರು ಆಗಿರುವಾಗಲೂ ಮಾತು ಇಂಗ್ಲಿಷಿನಲ್ಲೇ ಸಾಗಿ, ಪ್ರಶ್ನೋತ್ತರದ ಹೊತ್ತಿಗೆ ಆ ಮಕ್ಕಳು ಕೈ ಎತ್ತದೆ ಕೂತಿರುವುದನ್ನು ನೋಡಿ ನನಗೆ ನೋವಾಗಿದೆ. ಅವರ ಬಳಿ ಪ್ರಶ್ನೆಗಳಿದ್ದವು. ಹೊರಗೆ ಚಹಾ ಕುಡಿಯುವಾಗ ಅವನ್ನೆಲ್ಲ ಕೇಳಿದೆ. ತಿಂಗಳಿಗೆ ಒಂದು ಕ್ಯುರೇಟರ್ ಸುತ್ತು, ಒಂದು ಉಪನ್ಯಾಸ ಕನ್ನಡದಲ್ಲಿ ಎಂದು ಗೊತ್ತು ಮಾಡಿದರೆ ಯಾವ ಸಂಸ್ಥೆಗೂ ಹೊರೆಯಾಗದು. ಲೇಬಲ್ ಬರೆಯುವಾಗಲೂ ಇಂಗ್ಲಿಷ್ ಮೊದಲು ಬರೆದು ಕೊನೆಯ ದಿನ ಯಾರಿಂದಲೋ ಅನುವಾದ ಮಾಡಿಸಿ ಅಂಟಿಸಿದರೆ ಸಾಲದು. ಕನ್ನಡದಲ್ಲಿ ಚಿತ್ರದ ಬಗ್ಗೆ ಬಲ್ಲವರು ಕನ್ನಡದಲ್ಲೇ ಯೋಚಿಸಿ ನಾಲ್ಕು ಸಾಲು ಬರೆದಾಗ ಓದಲು ಬರುತ್ತದೆ.

ಜನರಿಗೆ ಕಲೆಯಲ್ಲಿ ಆಸಕ್ತಿ ಇಲ್ಲ, ಎಷ್ಟು ಕರೆದರೂ ಬರುವುದಿಲ್ಲ ಎನ್ನುವವರು ಜನವರಿಯ ಮೊದಲ ಭಾನುವಾರಗಳನ್ನು ನೆನೆಯಲಿ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಕಾಲೇಜು ಹುಡುಗಿಯರ ಗುಂಪು, ದೂರದೂರಿಂದ ರಾತ್ರಿ ಬಸ್ಸು ಹತ್ತಿ ಬಂದು ಫುಟ್‌ಪಾತ್ ಮೇಲೆ ಚಿತ್ರ ಹರಡಿಕೊಂಡ ಡ್ರಾಯಿಂಗ್ ಮೇಷ್ಟ್ರು. ಅವರು ಯಾರೂ ಟಿಕೆಟ್ಟಿನ ಬೆಲೆಗೆ ಹೆದರಿ ಉಳಿದ ದಿನ ಒಳಗೆ ಬಾರದವರಲ್ಲ. ಸಂತೆಯಲ್ಲಿ ಮಾತಾಡಲು, ಬೆಲೆ ಕೇಳಲು, ಇದು ಏನು ಸಾರ್ ಎಂದು ಕಲಾವಿದನನ್ನೇ ಕೇಳಲು ಯಾರ ಅಪ್ಪಣೆಯೂ ಬೇಡ. ಒಳಗಿನ ಸಭಾಂಗಣಗಳು ಜನರಿಗೆ ಕೊಡಬೇಕಾದ್ದು ಆ ಸಲುಗೆಯನ್ನು.

ಒಂದು ಚಿತ್ರಶಾಲೆ ತಮ್ಮದು ಎಂದು ಜನರಿಗೆ ಅನ್ನಿಸಿದರೆ ಏನಾಗುತ್ತದೆಂದು ವೆಂಕಟಪ್ಪ ಗ್ಯಾಲರಿಯೇ ತೋರಿಸಿಕೊಟ್ಟಿದೆ. ಅದನ್ನು ಹೇಳಲು ವೆಂಕಟಪ್ಪನವರ ಬಗ್ಗೆ ಇನ್ನೂ ಕೆಲವು ಮಾತು ಹೇಳಬೇಕು. ಮೈಸೂರಿನ ಚಿತ್ರಗಾರ ಮನೆತನದಲ್ಲಿ 1886ರಲ್ಲಿ ಹುಟ್ಟಿದರು. ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥರ ಬಳಿ ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ ಪುರಾಣ ಕಥೆಗಳ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ಅವರೂ ಒಬ್ಬರು. ಊರಿಗೆ ಮರಳಿ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಆ ವೀಣೆಯ ಹುಚ್ಚನ್ನೇ ಚಿತ್ರವಾಗಿಸಿದರು. ಊಟಿ, ಕೊಡೈಕೆನಾಲ್‌ಗಳ ಬೆಟ್ಟ, ಮಂಜು, ಕೆರೆಗಳನ್ನು ಜಲವರ್ಣದಲ್ಲಿ ಬರೆದರು. ಅರಮನೆಗೆ ಉಬ್ಬುಶಿಲ್ಪ ಮಾಡಿದರು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ನಂತರ ಅರಮನೆಯೊಂದಿಗೆ ನ್ಯಾಯಾಲಯದಲ್ಲೂ ಸೆಣಸಿದರು, ಬೆಂಗಳೂರಿಗೆ ಬಂದು ನೆಲೆಸಿದರು. ಮದುವೆಯಾಗಲಿಲ್ಲ. 1965ರಲ್ಲಿ ತೀರಿಕೊಂಡರು. ಅವರ ಕೃತಿಗಳಿಗೆಂದೇ ಸರ್ಕಾರ ಕಟ್ಟಿಸಿದ ಗ್ಯಾಲರಿ 1970ರ ದಶಕದಲ್ಲಿ ತೆರೆಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೊರಟು ಮುಂಬಯಿಯಲ್ಲಿ ಹೆಸರಾದ ಕೆ.ಕೆ. ಹೆಬ್ಬಾರರೂ ತಮ್ಮ ಕೃತಿಗಳನ್ನು ಅಲ್ಲಿಗೇ ಕೊಟ್ಟರು.

ಮೇಲಿನದು ಸಂಗ್ರಹದ ಕತೆ. ಆ ಕಟ್ಟಡದ ಇನ್ನೊಂದು ಕತೆ ಅದರ ಬಾಡಿಗೆ ಸಭಾಂಗಣದ್ದು. ಅಲ್ಪ ಬಾಡಿಗೆಗೆ ಸಿಗುತ್ತಿದ್ದ ಆ ಗೋಡೆಗಳ ಮೇಲೆ ಕರ್ನಾಟಕದ ಎಷ್ಟೋ ಕಲಾವಿದರು ಮೊದಲ ಪ್ರದರ್ಶನ ಮಾಡಿದರು. ಆಗ ತಾನೇ ಕಲಿತು ಹೊರಬಂದವರು, ಹೊಸ ಪ್ರಯೋಗ ಮಾಡಿ ಖಾಸಗಿ ಗ್ಯಾಲರಿಗಳಿಗೆ ಬೇಡವಾದವರು, ಎಲ್ಲರಿಗೂ ಅದು ಸಿಗುತ್ತಿತ್ತು. ಅಂಥ ಗ್ಯಾಲರಿಯ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದದ ಸುದ್ದಿ ಬಂದಾಗ, 2016ರಲ್ಲಿ, ಕಲಾವಿದರು ಒಟ್ಟಾಗಿ ವಿರೋಧಿಸಿದರು. ಗ್ಯಾಲರಿಯ ಆವರಣದಲ್ಲೇ ಚಿತ್ರ ಬಿಡಿಸಿದರು, ಹಾಡಿದರು, ಮಾತಾಡಿದರು, ಬಂದವರನ್ನು ಜೊತೆಗೆ ಕೂರಿಸಿಕೊಂಡರು. ಕೊನೆಗೆ ಆ ಒಪ್ಪಂದ ಜಾರಿಯಾಗಲಿಲ್ಲ. ಖಾಸಗಿ ಹಣ ಕಲೆಗೆ ಬರಬಾರದು ಎನ್ನುವವನಲ್ಲ ನಾನು. ಅದೇ ರಸ್ತೆಯಲ್ಲಿ ತನ್ನದೇ ಜಾಗದಲ್ಲಿ ನಿಂತ ಮ್ಯಾಪ್ ನಗರಕ್ಕೆ ಒಳ್ಳೆಯದನ್ನೇ ಮಾಡಿದೆ. ಆದರೆ ಸರ್ಕಾರಿ ಗ್ಯಾಲರಿಯೂ ಉಳಿಯಬೇಕು, ಅದರ ಅಗ್ಗದ ಸಭಾಂಗಣವೂ ಉಳಿಯಬೇಕು. ಅದಕ್ಕೆ ಆ ದಿನಗಳ ಹುರುಪು ನವೀಕರಣದ ಕಡತಗಳಲ್ಲಿ ಕರಗಿಹೋಗದೆ ತಿಂಗಳ ಕಾರ್ಯಕ್ರಮಗಳಾಗಿ ನೆಲೆ ನಿಲ್ಲಬೇಕು. ಬರುವ ಜನ ಇದ್ದಾಗ ಮಾತ್ರ ಮುಂದಿನ ವರ್ಷದ ಬಜೆಟ್ಟಿನಲ್ಲಿ ದೀಪಕ್ಕೂ, ಸಂರಕ್ಷಕರಿಗೂ, ಗೊಂಬೆಯ ಮೇಳಕ್ಕೂ ಹಣ ಕೇಳುವ ಬಲ ಬರುತ್ತದೆ.

ಆದ್ದರಿಂದ ಈ ಬೇಸಿಗೆಯಲ್ಲಿ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ತಿಂಗಳ ಮೊದಲ ವಾರದಲ್ಲೇ ನಿಮಗೆ ಹತ್ತಿರದ ಸಂಗ್ರಹಾಲಯದ ಕಾರ್ಯಕ್ರಮ ಪಟ್ಟಿ ನೋಡಿ. ಮೈಸೂರಿನವರಿಗೆ ಜಗನ್ಮೋಹನ ಇದೆ, ಉಳಿದ ಹಲವು ಜಿಲ್ಲೆಗಳಲ್ಲೂ ಸರ್ಕಾರಿ ವಸ್ತುಸಂಗ್ರಹಾಲಯಗಳಿವೆ. ಒಂದೇ ಪ್ರದರ್ಶನಕ್ಕೆ ಎರಡು ಸಲ ಹೋಗಿ: ಒಮ್ಮೆ ವಾರದ ನಡುವೆ ಒಬ್ಬರೇ, ಇನ್ನೊಮ್ಮೆ ಸುತ್ತು ಅಥವಾ ಮಾತುಕತೆ ಇರುವ ದಿನ ಮನೆಮಂದಿಯೊಡನೆ. ಎಲ್ಲ ಚಿತ್ರ ನೋಡಲು ಹೋಗಬೇಡಿ, ಮೂ‌ರನ್ನು ಆರಿಸಿಕೊಂಡು ಒಂದೊಂದರ ಮುಂದೆ ಹತ್ತು ನಿಮಿಷ ಇರಿ. ಮಗುವಿನ ಕೈಗೆ ಪೆನ್ಸಿಲ್ ಕೊಡಿ. ಗ್ಯಾಲರಿಯೊಳಗೆ ಪೆನ್ನು, ಬಣ್ಣ ಬೇಡ. ಸುತ್ತು ಕರೆದುಕೊಂಡು ಹೋಗುವವರನ್ನು ಕನ್ನಡದಲ್ಲಿ ಪ್ರಶ್ನೆ ಕೇಳಿ. ಹೊರಬರುವಾಗ ಅಭಿಪ್ರಾಯ ಪುಸ್ತಕ ಇದ್ದರೆ ‘ಚೆನ್ನಾಗಿದೆ’ ಎಂದಷ್ಟೇ ಬರೆದು ಬಿಡಬೇಡಿ. ಕನ್ನಡದ ಸುತ್ತು ಬೇಕು, ತೊಗಲು ಗೊಂಬೆಯ ಆಟ ಬೇಕು, ಮಕ್ಕಳಿಗೆ ನೆಲದ ಮೇಲೆ ಕೂತು ಬರೆಯಲು ಜಾಗ ಬೇಕು ಎಂದು ಹೆಸರು, ಊರು ಹಾಕಿ ಬರೆಯಿರಿ. ಸೋಮವಾರ ಮಾತ್ರ ಹೋಗಬೇಡಿ.